ಬಿಟ್ಟ ಸ್ಥಳ

ಝುವಾರಿನಗರ, ಕನ್ನಡ ಶಾಲೆ, ಆರನೇ ಪಿರಿಯಡ್ಡು.
ಪಠ್ಯದಲ್ಲಿ ಅವರ ಪಾಲಿಗೆ ನಾಲ್ಕೂವರೆ ಸಾಲು.
ಸ್ಪೇನಿನವರು ಬಂದರು. ಮಾಯಾ ಜನರನ್ನು ಗೆದ್ದರು.
ಎರಡು ಕ್ರಿಯಾಪದ, ಎರಡು ಅಂಕ.

ಪುಸ್ತಕ ಮುಚ್ಚಿ ಬೋರ್ಡಿನ ಮೇಲೆ
ಚುಕ್ಕೆಯಿಟ್ಟೆ: ಒಂದು.
ಅಡ್ಡಗೆರೆ: ಐದು.
ಚಿಪ್ಪು: ಸೊನ್ನೆ.
ಹುಲಿಗೆಮ್ಮ ಎದ್ದು ಬಂದು ತನ್ನ ವಯಸ್ಸು ಬರೆದಳು,
ಎರಡು ಗೆರೆ, ನೆತ್ತಿಗೊಂದು ಚುಕ್ಕೆ.
ಮೈಬೂಬ ಅಪ್ಪನ ಲಾರಿ ನಂಬರಿಗೆ ಕೈಹಾಕಿ
ಇಪ್ಪತ್ತರಾಚೆ ಸಿಕ್ಕಿಬಿದ್ದ.

ಮೆಕ್ಕೆಜೋಳದ ಹಿಟ್ಟು ನಾದಿ
ದೇವರುಗಳು ಮನುಷ್ಯರನ್ನು ಮಾಡಿದರಂತೆ, ಅವರ ಕಡೆ.
'ನಮ್ದು ಬಿಳಿಜೋಳ್ರೀ' ಹಿಂದಿನ ಬೆಂಚಿನಿಂದ ದ್ಯಾಮಣ್ಣ.
ಮೆಣಸಿನಕಾಯಿಯೂ ಆ ಸೀಮೆಯಿಂದಲೇ ಬಂದದ್ದು ಅಂದೆ.
ಮರುದಿನ ಅವನ ಅಜ್ಜಿಯ ತೀರ್ಪು ಬಂತು:
'ಬ್ಯಾಡಗಿ ಬ್ಯಾಡಗೀದ. ನಿಮ್ಮ ಟೀಚರಿಗೆ ತಲಿ ಸುಮಾರೈತಿ.'

ಒಂದು ದಿನದ ಕಾಳಗವಲ್ಲ ಅದು.
ಸಿಡುಬು ನಡೆದು ಬಂತು, ಕುದುರೆ ಬಂತು, ಶಿಲುಬೆ ಬಂತು,
ಆದರೂ ಕಡೆಯ ಊರು ಬೀಳಲು ಸುಮಾರು ನೂರೆಪ್ಪತ್ತು ವರ್ಷ.
'ಎಷ್ಟು ಅಜ್ಜಿ ಆದ್ವುರೀ?'
ಎಣಿಸಿದೆವು. ಬೆರಳು ಸಾಲದೆ ಅಲ್ಲ, ನಡುವೆ ಜಗಳವಾಗಿ ಬಿಟ್ಟೆವು.
ಇಲ್ಲಿಗೂ ಹಡಗು ಬಂದಿತ್ತಲ್ಲ, ಅವರೇನ್ರೀ?
ಅವರಲ್ಲ. ಅವರ ಪಕ್ಕದ ಮನೆಯವರು.

ಆಮೇಲೆ ಸುಟ್ಟ ಕಥೆ ಹೇಳಿದೆ.
ಊರಿನ ಹೆಸರು ಮನೀ.
'ಮನಿ ಅಂತಾರ ಊರಿಗೆ?' ನಗು, ನಗು, ಮತ್ತೆ
'ಮನಿ ಸುಟ್ರೇನ್ರೀ?'
ಅಲ್ಲ, ಪುಸ್ತಕ.
ನಮ್ಮ ಹಳೆಯ ಕಡತದ ಹಾಗೆ ಮಡಚಿಡುವಂಥವು,
ಅತ್ತಿಜಾತಿಯ ಮರದ ತೊಗಟೆ, ಮೇಲೆ ಸುಣ್ಣದ ಲೇಪ.
ಉಳಿದದ್ದು ನಾಲ್ಕು, ಎಲ್ಲ ಸೇರಿ.
'ಸುಟ್ಟದ್ರಾಗ ಏನ್ ಬರದಿದ್ರು?'
ಗೊತ್ತಿಲ್ಲ ಅಂದೆ. ಟೀಚರು ಹಾಗನ್ನಬಾರದು.

ಯಂಕವ್ವ ಅಷ್ಟೂ ಹೊತ್ತು ಮಾತಾಡಿರಲಿಲ್ಲ.
ಬೈನಾದಲ್ಲಿ ಜೆಸಿಬಿ ಬಂದ ಬೆಳಿಗ್ಗೆ
ಪಾಟಿಚೀಲ ಒಳಗೇ ಉಳಿದಿತ್ತು ಅವಳದು.
'ನಂದ್ರಾಗ ಏನಿತ್ತು ನನಗ ಗೊತ್ತೈತಿ' ಎಂದು
ಹೇಳುತ್ತ ಹೋದಳು: ಮಗ್ಗಿ ಪುಸ್ತಕ, ಅರ್ಧ ರಬ್ಬರು,
ತಂಗಿಯ ಒಂದು ಗೆಜ್ಜೆ, ಒಂದೇ.

ಈಗ ಆ ಮಂದಿ?
ಇದ್ದಾರೆ. ಲಕ್ಷಗಟ್ಟಲೆ. ಅದೇ ಮಾತು ಆಡುತ್ತಾರೆ.
ಕೆಲವರು ಸಮುದ್ರದಂಡೆಯ ಊರುಗಳಿಗೆ ದುಡಿಯಲು ಬರುತ್ತಾರೆ,
ಹೋಟೆಲು, ಗಾರೆ, ಇಟ್ಟಿಗೆ.
ಯಾರೂ ಏನೂ ಅನ್ನಲಿಲ್ಲ. ಫ್ಯಾನು ತಿರುಗುತ್ತಿತ್ತು.

ಈಗ ರಾತ್ರಿ, ಉತ್ತರಪತ್ರಿಕೆಗಳು.
ಬಿಟ್ಟ ಸ್ಥಳ ತುಂಬಿರಿ:
ಸ್ಪೇನಿನವರು ಮಾಯಾ ಜನರನ್ನು ______.
ಮೂವತ್ತೊಂದು ಮಕ್ಕಳು 'ಗೆದ್ದರು' ಬರೆದಿದ್ದಾರೆ, ಸರಿ.
ದ್ಯಾಮಣ್ಣ ಬರೆದಿದ್ದಾನೆ:
'ಗೆಲ್ಲಾಕ ಹತ್ತಿದ್ರು.'

ಗ್ರಂಥಭಾಷೆಯಲ್ಲ. ಅರ್ಧ ಅಂಕ ಕಳೆಯಬೇಕು.
ಕೆಂಪು ಪೆನ್ನಿನ ಮುಚ್ಚಳ ಇನ್ನೂ ತೆಗೆದಿಲ್ಲ.