ಬಿ ಡಬ್ಲ್ಯೂ ಟಿ

"ಬಂಗಾರಪೇಟೆಯಲ್ಲಿ ಡಬ್ಲ್ಯೂ ಎಲ್ಲಿದೆ ಸಾರ್?"
ಎಂದು ನನ್ನನ್ನೇ ಕೇಳಿದ ಕೌಂಟರಿನ ಹೊಸ ಹುಡುಗ,
ರಿಸರ್ವೇಶನ್ ಚೀಟಿಯ ಮೂರಕ್ಷರಕ್ಕೆ ಬೆರಳಿಟ್ಟು.
ನನ್ನ ಹಿಂದೆ ಸಾಲು ಉದ್ದವಿತ್ತು.
ಚಿಲ್ಲರೆ ಎಣಿಸಿಕೊಂಡು ಬಂದೆ.

ಹೇಳುವುದಾದರೆ ಬೋರ್ಡಿನಿಂದ ಶುರು ಮಾಡಬೇಕು.
ಖಲಂದರ್ ಸಾಬರು ಬರೆದದ್ದು, ನಮ್ಮಪ್ಪ ಏಣಿ ಹಿಡಿದದ್ದು.
ಬೌರಿಂಗ್‌ಪೇಟೆ ಹೋಗಿ ಬಂಗಾರಪೇಟೆ ಬರಬೇಕಿತ್ತು,
ಕೂಲಿ ಅಕ್ಷರಕ್ಕೆ ಇಷ್ಟು ಅಂತ.
ಇಂಗ್ಲಿಷಿನಲ್ಲಿ ಅದೂ ಹತ್ತು, ಇದೂ ಹತ್ತು.
ಮೊದಲ ಬಿ ಹಾಗೇ ಇರುತ್ತೆ, ಕೊನೆಯ ಪಿ ಇ ಟಿ ಹಾಗೇ ಇರುತ್ತೆ,
ಆರಕ್ಕಷ್ಟೇ ದುಡ್ಡು ಎಂದ ಇನ್‌ಸ್ಪೆಕ್ಟರು.
ಸಾಬರು ಬ್ರಶ್ಶನ್ನು ಸೀಮೆಎಣ್ಣೆಯಲ್ಲಿ ಅದ್ದಿ
"ಆಯ್ತು, ಪೇಟೆ ನಿಮ್ಮದೇ ಇರಲಿ" ಅಂದರಂತೆ.
ಡಬ್ಲ್ಯೂ ಆ ಆರರಲ್ಲಿ ಒಂದು. ಅಳಿಸಿದ್ದಕ್ಕೆ ಕೂಲಿ ಸಂದಿದೆ.
ಚೀಟಿಗೆ ಯಾರೂ ಹೇಳಲಿಲ್ಲ.

ನಮ್ಮಜ್ಜಿ ಅಕ್ಕಾಯಮ್ಮನಿಗೆ
ಬೋರಿಂಗ್‌ಪೇಟೆ ಅಂದರೆ ಬೋರು ಕೊರೆಸಿದ ಪೇಟೆ.
ಅಲ್ಲಜ್ಜಿ, ಯಾರೋ ದೊರೆಯ ಹೆಸರಂತೆ ಅಂದರೆ
"ಇರಲಿ ಬಿಡು. ನೀರು ಬಿತ್ತಾ ಅವನಿಗೆ?"

ಆಗ ಕೋಲಾರಕ್ಕೆ ಪುಟ್ಟಗಾಡಿ.
ಹಾಲಿನ ಕ್ಯಾನು, ರೇಷ್ಮೆಗೂಡಿನ ಮೂಟೆ,
ಕೋರ್ಟಿನ ಕಾಗದ, ಒಂದು ಮೇಕೆ;
ಜಗಳ ತೆಲುಗಿನಲ್ಲಿ ಹತ್ತಿ, ಕನ್ನಡದಲ್ಲಿ ಕೂತು,
ಎಲ್ಲೋ ತಮಿಳಿನಲ್ಲಿ ಇಳಿದುಹೋಗುತ್ತಿತ್ತು.
ಗಾರ್ಡು ಡಿಕ್ರೂಜ್ ಹಸಿರು ಬಾವುಟ ಕಂಕುಳಲ್ಲಿ ಸಿಕ್ಕಿಸಿಕೊಂಡು
ಹುಣಸೆಹಣ್ಣಿನ ಗಂಗುಲಮ್ಮನ ಬುಟ್ಟಿಗೆ ಕೈ ಕೊಡುವನು.
ಅವಳು ಕೂತಮೇಲೆಯೇ ಗಾಡಿಗೆ ಹೊತ್ತಾಗುತ್ತಿದ್ದದ್ದು.

ಆಚೆ ಗಣಿಯ ಕಡೆಯಿಂದ ಬೀಗ ಜಡಿದ ಡಬ್ಬಿ ಬರುತ್ತಿತ್ತಂತೆ,
ಬಾಗಿಲಲ್ಲಿ ಬಂದೂಕಿನವರು. ನಾವ್ಯಾರೂ ಕಂಡಿಲ್ಲ.
ಬಂಗಾರ ನಮ್ಮೂರಲ್ಲಿ ಇಳಿಯಲೇ ಇಲ್ಲ,
ಗಾಡಿ ಬದಲಾಯಿಸಿತು, ಅಷ್ಟೆ.

ಈಗ ಗಣಿ ಮುಚ್ಚಿ, ಒಳಗೆಲ್ಲಾ ನೀರು ತುಂಬಿದೆ.
ಅಜ್ಜಿ ಇದ್ದಿದ್ದರೆ ಹೇಳಬಹುದಿತ್ತು:
ಬಿತ್ತಜ್ಜಿ.

ಮಾರಿಕುಪ್ಪಂನಿಂದ ನಸುಕಿನ ಗಾಡಿ ಬರುತ್ತದೆ,
ಕೆಳಗೆ ಇಳಿಯುತ್ತಿದ್ದವರ ಮಕ್ಕಳು ನಿಂತೇ ನಿದ್ದೆ ಹೊಡೆಯುತ್ತ,
ಕಾವಲಿಗೆ, ಕಸ ಗುಡಿಸುವುದಕ್ಕೆ, ಆಸ್ಪತ್ರೆಯ ಆಯಾ ಕೆಲಸಕ್ಕೆ.
ಅಪ್ಪಂದಿರ ಹಣೆಯಲ್ಲಿ ದೀಪವಿದ್ದ ಜಾಗದಲ್ಲಿ
ಇವರಿಗೆ ಕಿಟಕಿ ಸರಳು ಒತ್ತಿದ ಗೆರೆ.

ರಾತ್ರಿ ವಾಪಸು ಬರುವಾಗ, ಗಾಡಿ ಇಲ್ಲಿ ಇಪ್ಪತ್ತು ನಿಮಿಷ ನಿಂತರೆ,
ಸೆಲ್ವಮಣಿ ಬ್ಯಾಗು ಪಕ್ಕದವಳ ಮಡಿಲಿಗೆಸೆದು
ಹೊರಗೆ ಪಾನಿಪುರಿಯ ಬಂಡಿಗೆ ಓಡುತ್ತಾಳೆ.
ನಮ್ಮೂರ ಪಾನಿಗೆ ಬಣ್ಣವಿಲ್ಲ; ನೋಡಿದರೆ ಬರೀ ನೀರು.
ಬಾಯಿಗಿಟ್ಟಮೇಲೆ ಮೂಗು ಸೋರಿ ಕಣ್ಣು ತುಂಬಿ
"ಇನ್ನೊಂದು" ಅನ್ನುತ್ತಾಳೆ,
ಮೂರು ಭಾಷೆಯಲ್ಲಿ
ಯಾವುದರಲ್ಲಿ ಬೇಗ ಸಿಗುತ್ತದೋ ಅದರಲ್ಲಿ.