ಟಿ.ಎಸ್. ನಂಬರ್ ನಲವತ್ತೊಂದು

ಹನ್ನೊಂದು ವರ್ಷ ದುಬೈ ಏರ್‌ಪೋರ್ಟಿನಲ್ಲಿ
ಸ್ಕಾಚ್ ಮಾರಿದವ ನಾನು.
ಕಪ್ಪು ಕೋಟು, ಎದೆಗೆ ಹೆಸರಿನ ತಗಡು,
ಕಿಸೆಯಲ್ಲಿ ಕಂಪೆನಿ ಕೊಟ್ಟ ಕಾರ್ಡು:
ಐಲಾ ಎಂದರೆ ಹೊಗೆ, ಅಯೋಡಿನ್, ಕಡಲ ಉಪ್ಪು.
ಸ್ಪೇಸೈಡ್ ಎಂದರೆ ಸೇಬು, ಜೇನು.
ಲೋಲ್ಯಾಂಡ್ ಮೆತ್ತಗೆ, ಹೊಸಬರಿಗೆ ಹೇಳಬಹುದು.
ಕ್ಯಾಂಬೆಲ್‌ಟೌನ್ ಯಾರೂ ಕೇಳುವುದಿಲ್ಲ,
ಕೇಳಿದರೆ ಮ್ಯಾನೇಜರನ್ನು ಕರೆ.

ಪೀಟ್ ಎಂಬ ಆ ಮಣ್ಣನ್ನು ನಾನು ಮುಟ್ಟಿದವನಲ್ಲ.
"ಹೊಗೆ ಅಂದರೆ ಎಂಥ ಹೊಗೆ?"
ಒಬ್ಬ ಮುದುಕ ಕೇಳಿದಾಗ ಕಾರ್ಡಿನಲ್ಲಿ ಉತ್ತರ ಇರಲಿಲ್ಲ.
ಬಾಯಿಗೆ ಬಂದದ್ದು ಹೇಳಿದೆ:
ಉಪ್ಪಳದಲ್ಲಿ ನಮ್ಮ ಮಾವನ ಮನೆಹಿಂದೆ
ಆಟಿಯಲ್ಲಿ ಕೊಪ್ಪರ ಒಣಗಿಸುವ ಅಟ್ಟ,
ಕೆಳಗೆ ಚಿಪ್ಪಿನ ಬೆಂಕಿ, ಮೇಲೆ ಎಣ್ಣೆ ಬಿಡುವ ಹೋಳು,
ರೈಲುಹಳಿ ದಾಟಿದರೆ ಕಡಲು,
ಒದ್ದೆ ಅಂಗಿಗೆ ಎಂಟು ದಿನ ಅದೇ ವಾಸನೆ.
ಇಂಗ್ಲಿಷಿನಲ್ಲಿ ಎಷ್ಟು ಬಂತೋ ಅಷ್ಟು.
ಎರಡು ಬಾಟಲಿ ತೆಗೆದುಕೊಂಡ.
ಬಿಲ್ಲು ಮಾಡುವಾಗ ಅಂದ:
ನಾನು ಆ ದ್ವೀಪದವನೇ. ಸುಮಾರು ಹಾಗೆಯೇ ಇರುತ್ತದೆ.

ಇದನ್ನೆಲ್ಲ ಅಂಗಾರ ಮಾವನಿಗೆ ಹೇಳುತ್ತಿದ್ದೇನೆ
ಗಡಂಗಿನ ಮೂಲೆಮೇಜಿನಲ್ಲಿ.
ಹೊರಗೆ ಬಿಳಿ ಹಲಗೆ, ಕಪ್ಪು ಅಕ್ಷರ,
ಮಲಯಾಳದಲ್ಲಿ ಕಳ್ಳ್, ಅದರಡಿ ನಂಬರು.
ಮಾವ ಓದುವುದು ನಂಬರು ಮಾತ್ರ.
ಮೊಣಕಾಲು ಹೋಗಿ ಮರ ಬಿಟ್ಟು ಎರಡು ವರ್ಷ,
ನಾಲಿಗೆ ಇನ್ನೂ ಹತ್ತಿ ಇಳಿಯುತ್ತದೆ.
ಒಂದು ಗುಟುಕು:
"ಇದು ಹೊಳೆಬದಿಯದ್ದು, ಉಪ್ಪು ಏರಿದೆ.
ಮೀಯಪದವಿನ ಮುರಕಲ್ಲಿನ ಮರದ್ದು ಸ್ವಲ್ಪ ಬೆರೆಸಿದ್ದಾನೆ,
ಕಳ್ಳ."
ಬಾಲನ್ ಆಚೆ ತಿರುಗಿ ಗ್ಲಾಸು ತೊಳೆದ.

ಅಲ್ಲಿಯೂ ಹಾಗೇ ಮಾವ,
ಗುಡ್ಡಕ್ಕೊಂದು ರುಚಿ, ತಗ್ಗಿಗೊಂದು.
"ಗುಡ್ಡ ಎಲ್ಲಿಗೆ ಮುಗಿಯಿತು ಅಂತ ಗೆರೆ ಎಳೆದದ್ದು ಯಾರು?"
ಸುಂಕದವರು. ಇನ್ನೂರು ಚಿಲ್ಲರೆ ವರ್ಷದ ಹಿಂದೆ,
ತೆರಿಗೆಗೆಂದು.
ಮಾವ ತಲಪಾಡಿಯ ಕಡೆ ಮುಖಮಾಡಿ
ಎಲೆಯಡಿಕೆ ಉಗುಳಿ ಬಂದ.

ಕುಪ್ಪಿಗೆ ಅಂಟಿಸಲು ಒಂದು ಚೀಟಿ ಬರೆದು ತಂದಿದ್ದೆ:
ಶಿರಿಯ ಹೊಳೆಯ ಎಡದಂಡೆ,
ಒಂಟಿ ಮರ, ಕೈಮೂರ್ತೆ.
ವಯಸ್ಸು ಎಂಬಲ್ಲಿಗೆ ಬಂದು ಪೆನ್ನು ನಿಂತಿತ್ತು.
ಬೆಳಗ್ಗೆ ಏಳಕ್ಕೆ ಸಿಹಿ, ಹನ್ನೊಂದಕ್ಕೆ ಜಗಳ,
ಸಂಜೆಗೆ ಹುಳಿ,
ನಾಳೆ ಮೀನಿಗೆ ವಿನಿಗರು:
ಇದಕ್ಕೆ ಎಷ್ಟು ವರ್ಷ ಎಂದು ಬರೆಯಲಿ?

ಅವರದ್ದು ಎಷ್ಟು, ಕೇಳಿದ ಮಾವ.
ಹನ್ನೆರಡು. ಹದಿನೆಂಟೂ ಉಂಟು. ಮರದ ಪೀಪಾಯಿಯೊಳಗೆ.
"ಹದಿನೆಂಟು ವರ್ಷ!
ಅಲ್ಲಿಯವರೆಗೆ ಅಲ್ಲಿ ಯಾರಿಗೂ ಬಾಯಾರಲಿಲ್ಲವಾ ಮಾರಾಯ?"

ಚೀಟಿಯನ್ನು ಬೆಳಕಿಗೆ ಹಿಡಿದ, ಕನ್ನಡ,
ನಿಧಾನವಾಗಿ ಪೂರ್ತಿ ಓದಿದ,
ಒಂಟಿ ಮರ ಎಂಬಲ್ಲಿ ಒಮ್ಮೆ ನಿಂತ.
ಆಮೇಲೆ ನಾಲ್ಕು ಮಡಿಕೆ ಮಾಡಿ
ಬಗ್ಗಿ, ಮೇಜಿನ ಕಾಲಡಿಗೆ ಕೊಟ್ಟ.

ಈಗ ಅಲುಗುವುದಿಲ್ಲ.