ಒಂದಕ್ಕೆ ಮೂವತ್ತೈದು

ಅಪ್ಪನ ಕೈ ನಡುಗುತ್ತದೆ, ಹಾಗಾಗಿ ಕೈ ನನ್ನದು.
ಕಣ್ಣು ಅವನದು, ಬೈಗುಳವೂ ಅವನದೇ.

ಕೋಟ್ಕಾ ಬಂದರಿಗೆ ನವೆಂಬರ್ ಬಂದಿದೆ,
ಮೂರೂವರೆಗೇ ಕತ್ತಲು.
ಅಡುಗೆಮನೆಯ ಮೇಜಿಗೆ ಹಳೇ ಪತ್ರಿಕೆ ಹಾಸಿ
ಡಬ್ಬಿ ಬಿಚ್ಚಿದೆವು:
ಪ್ಲಾಸ್ಟಿಕ್ ಹಂದರಕ್ಕೆ ಜೋತುಬಿದ್ದ ಇನ್ನೂರ ಹನ್ನೊಂದು ತುಂಡು,
ಹೀಚುಗಾಯಿಗಳ ಹಾಗೆ.
ಆರು ಚಕ್ರ, ಎರಡು ಬಾಗಿಲು, ಒಂದು ಸಲಿಕೆ,
ಅಕ್ಕಿಕಾಳಿಗಿಂತ ಸಣ್ಣ ಕನ್ನಡಿ.

"ಇದಕ್ಕೆ ಪಾಸಿ ಅಂತ ಹೆಸರು" ಎಂದ ಅಪ್ಪ,
ಗೊತ್ತಿರದವಳಿಗೆ ಹೇಳುವಂತೆ.
ನಮ್ಮಲ್ಲಿ ಅದು ಗಂಡಸಿನ ಹೆಸರು.
ನಮ್ಮ ಬೀದಿಯಲ್ಲೇ ಇಬ್ಬರು ಪಾಸಿ ಇದ್ದಾರೆ,
ಒಬ್ಬ ಹಲ್ಲಿನ ಡಾಕ್ಟರು.

ಕತ್ತರಿಸಿದೆ, ಉಜ್ಜಿದೆ, ಅಂಟಿಸಿದೆ.
ಅಂಟಿನ ವಾಸನೆಗೆ ತಲೆ ಹಿಡಿದು
ಕಿಟಕಿ ತೆರೆದರೆ ಕಡಲ ಚಳಿ ನುಗ್ಗಿತು.
ಮೂರನೇ ಅಚ್ಚು ಸೊಟ್ಟಗೆ ಕೂತಿತು.
"ಇರಲಿ ಬಿಡು, ನಿಜದ್ದೂ ಹಾಗೇ ಎಡಕ್ಕೆ ಎಳೀತಿತ್ತು."
ಮೂವತ್ತು ವರ್ಷ ಬಂದರಿನ ಕ್ರೇನು ನಡೆಸಿದವನು
ಅದಕ್ಕೂ ಮುಂಚಿನ ಹನ್ನೊಂದು ತಿಂಗಳ ಬಗ್ಗೆ
ಇಷ್ಟು ಮಾತಾಡಿದ್ದು ಇದೇ ಮೊದಲು.

ಸೂಚನೆಯ ಹಾಳೆಯಲ್ಲಿ
ಹಸಿರು, ಕಪ್ಪು, ಕಂದು: ಕಾಡಿನ ಮೂರು ಸುಳ್ಳು.
ಅಪ್ಪ ಹಾಳೆ ಮಡಿಸಿ ಕಾಫಿ ಲೋಟದ ಕೆಳಗಿಟ್ಟ.
"ಬಿಳಿ, ಹಿಲ್ಕಾ."

ಬಿಳಿಯಷ್ಟು ಹಟಮಾರಿ ಬಣ್ಣ ಬೇರೆ ಇಲ್ಲ.
ದಪ್ಪ ಬಳಿದರೆ ಗಾರೆ, ತೆಳು ಬಳಿದರೆ ನೀರುಹಾಲು.
ಒಂದು ಪದರ, ಒಣಗಲಿ.
ಇನ್ನೊಂದು ಪದರ, ಒಣಗಲಿ.
ನಾಲ್ಕನೆಯದಕ್ಕೆ ನನ್ನ ತಾಳ್ಮೆ ಒಣಗಿತು:
ಚಳಿಗಾಲದ ಯುದ್ಧದಲ್ಲಿ, ಹಿಮದಲ್ಲಿ
ಅಜ್ಜ ತೊಟ್ಟದ್ದೂ ಬಿಳಿಯೇ ತಾನೆ?
ಅದರಷ್ಟು ಮಾಸಲು ಇದ್ದರೆ ಸಾಲದೇ?

"ಅದು ಅಡಗೋ ಬಿಳಿ" ಎಂದ ಅಪ್ಪ.
"ಇದು ಕಾಣೋ ಬಿಳಿ.
ಅತ್ತ ಬೆಟ್ಟದಲ್ಲಿ ಒಬ್ಬ, ಇತ್ತ ಬೆಟ್ಟದಲ್ಲಿ ಒಬ್ಬ,
ಇಬ್ಬರ ದುರ್ಬೀನಿಗೂ ನಾವು ಬೀಳಬೇಕು.
ಬಿದ್ದ ಮೇಲೆ ಏನು ಮಾಡ್ತಾರೆ
ಅನ್ನೋದು ಅವರಿಷ್ಟ."

ಐದನೇ ಪದರ ಬಳಿದೆ.

ತಟ್ಟೆಯ ನೀರಲ್ಲಿ ನೆನೆದು, ಕಾಗದ ಬಿಟ್ಟು
ತೇಲಿಬಂದವು ಎರಡು ಕಪ್ಪು ಅಕ್ಷರ, ಯು ಮತ್ತು ಎನ್.
ಚಿಮಟದ ತುದಿಯಲ್ಲಿ ಹಸಿ ರೆಕ್ಕೆಯಂತೆ ಮುದುರಿದವನ್ನು
ಉಸಿರು ಹಿಡಿದು ಕೂರಿಸಿದೆ.
ಚಂದ ಕಂಡಿತು. ತುಂಬಾ ಚಂದ.

"ಈಗ ಕೆಡಿಸು."

ದಕ್ಷಿಣ ಲೆಬನಾನಿನ ಧೂಳಿಗೆ ಯಾವ ಬಣ್ಣ?
ಅಂಗಡಿಯ ಸೀಸೆಗಳ ಮೇಲೆ ಮರಳು, ಇಟ್ಟಿಗೆ, ತುಕ್ಕು ಎಂದೆಲ್ಲ ಬರೆದಿತ್ತು.
ಎಲ್ಲವನ್ನೂ ಆಚೆ ತಳ್ಳಿ ಅಪ್ಪ ಬೀರುವಿನಿಂದ
ದಾಲ್ಚಿನ್ನಿ ಪುಡಿ ತಂದ, ಬನ್ನಿಗೆ ಹಾಕುವಂಥದ್ದು.
ಕೈ ನಡುಗಿ ಅರ್ಧ ಮೇಜಿಗೆ ಬಿತ್ತು, ಅರ್ಧ ಪಾಸಿಗೆ.
"ಹಾಂ, ಹೀಗೇ. ತಂಬಾಕಿನ ಹೊಲದ ದಾರಿ.
ಚಕ್ರಕ್ಕೆ ಜಾಸ್ತಿ. ಬಾಗಿಲಿಗೆ ಬೇಡ,
ನಮ್ಮ ಬೆನ್ನು ತಾಗಿ ತಾಗಿ ಅಲ್ಲಿ ಧೂಳೇ ನಿಲ್ತಿರಲಿಲ್ಲ."

ಆಮೇಲೆ ಸೂಜಿ ತಾ ಎಂದ.

ಬಲಗಡೆ, ಎರಡನೇ ಚಕ್ರದ ಮೇಲೆ, ಒಬ್ಬ ಹುಡುಗ
ಧೂಳಿನಲ್ಲಿ ಬೆರಳಿಂದ ಬರೆದನಂತೆ.
ಏನು?
"ನಂಗೇನು ಓದೋಕೆ ಬರುತ್ತಾ? ಒಂದು ದೋಣಿ,
ಅದರ ಕೆಳಗೊಂದು ಚುಕ್ಕಿ.
ಅಷ್ಟರಲ್ಲಿ ರೇಡಿಯೋ ಕೂಗಿತು, ಹೊರಟೆವು.
ಕನ್ನಡಿಯಲ್ಲಿ ನೋಡ್ತೀನಿ,
ಬೆರಳು ಹಾಗೇ ಚಾಚಿಕೊಂಡು ನಿಂತಿದಾನೆ."
ಮೂರು ವಾರ ಆ ಬದಿ ತೊಳೆಯಲಿಲ್ಲವಂತೆ.
ಸಾರ್ಜೆಂಟ್ ಬೈದನಂತೆ. ಆಮೇಲೆ ಮಳೆ ಬಂತಂತೆ.

ಅದು ದೋಣಿಯಲ್ಲ ಅಪ್ಪ, ಅಕ್ಷರ.
ಮುಂದೆ ಇನ್ನೇನೋ ಬರಬೇಕಿತ್ತು,
ಅವನ ಹೆಸರೋ, ನಿಮಗೊಂದು ಬೈಗುಳವೋ.
ನಾಲಿಗೆ ತುದಿಗೆ ಬಂದದ್ದನ್ನು ನುಂಗಿದೆ.

ಒಂದಕ್ಕೆ ಮೂವತ್ತೈದರ ಲೆಕ್ಕದಲ್ಲಿ
ಹುಡುಗನ ಬೆರಳು ಒಂದು ಸೂಜಿಮೊನೆ.
ಗೀಚಿದೆ. ದೋಣಿ ಬಂತು.
ಚುಕ್ಕಿ ಇಡಬೇಕು ಅನ್ನುವಾಗ
ಅಪ್ಪ ಕೈ ಚಾಚಿದ.

ಕೊಟ್ಟೆ.
ನಡುಗುವ ಕೈಯನ್ನು ಇನ್ನೊಂದು ಕೈಯಿಂದ ಹಿಡಿದ,
ಎರಡೂ ನಡುಗಿದವು.
ಚುಕ್ಕಿ ಬಿತ್ತು, ದೋಣಿಯಿಂದ ಬಹಳ ಆಚೆ,
ಕಪ್ಪು ಎನ್ ಪಕ್ಕ, ಬರೀ ಬಿಳಿಯ ಮೇಲೆ.

"ಹೋಯ್ತು" ಎಂದ.
ಮತ್ತೆ ಬಳಿಯಲೇ ಎಂದೆ.
ಬೇಡವೆಂದು ತಲೆಯಾಡಿಸಿ
ದಾಲ್ಚಿನ್ನಿಯ ಬೆರಳು ನೆಕ್ಕುತ್ತ
ಕಾಫಿಗೆ ನೀರಿಟ್ಟ.